ನೂರಕ್ಕೆ ಎಷ್ಟು ಎಂದು ಕೇಳಿದರಷ್ಟೇ ಸಾಲದು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬೀಜ, ಗೊಬ್ಬರ, ದನಕರುಗಳ ರೋಗ, ಮಕ್ಕಳ ಆರೋಗ್ಯ ಇವುಗಳ ಬಗ್ಗೆ ಬರೆಯುತ್ತೇವೆ. ಈ ಸಲ ಬೇರೊಂದು ರೋಗದ ಬಗ್ಗೆ ಬರೆಯಬೇಕಾಗಿದೆ. ಅದು ಬೆಳೆಗೆ ತಗಲುವುದಿಲ್ಲ, ದನಕ್ಕೂ ತಗಲುವುದಿಲ್ಲ. ಮನೆಯ ಲೆಕ್ಕಕ್ಕೆ ತಗಲುತ್ತದೆ. ಹೊಲ, ಎತ್ತು, ಹೆಂಗಸರ ಕೊರಳಿನ ಬಂಗಾರ ಇವೆಲ್ಲವನ್ನೂ ಸದ್ದಿಲ್ಲದೆ ತಿನ್ನುತ್ತದೆ. ಶೇಕಡಾ ಲೆಕ್ಕವನ್ನು ಅರ್ಧ ತಿಳಿದುಕೊಂಡು ಇನ್ನರ್ಧ ಕೇಳದೆ ಬಿಡುವುದೇ ಆ ರೋಗ.

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಸೋನ್ಯಾಳದಲ್ಲಿ ಕಟ್ಟೆಯ ಮೇಲೆ ಕುಳಿತಾಗ ಕೇಳಿದ ಮಾತನ್ನು ಮೊದಲು ಹೇಳುತ್ತೇವೆ. ಮಳೆ ಕಡಿಮೆ ಬೀಳುವ ಸೀಮೆ. ಸಜ್ಜೆ, ಜೋಳ, ಕುರಿ-ಆಡು, ನೀರಿದ್ದವರಿಗೆ ದಾಳಿಂಬೆ, ದ್ರಾಕ್ಷಿ. ಇಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಒಬ್ಬ ಹಿರಿಯರು ನಮಗೆ ಹೇಳಿದರು: "ಬ್ಯಾಂಕಿನವ್ರು ಹನ್ನೆರಡು ಕೇಳ್ತಾರ್ರೀ, ಮ್ಯಾಲ ನೂರೆಂಟು ಕಾಗದ. ನಮ್ಮ ಸಾವಕಾರ್ರು ನೂರಕ್ಕ ಮೂರು ಅಂದ್ರು, ಅಲ್ಲೇ ಎಣಿಸಿ ಕೊಟ್ರು. ಯಾವುದು ಛಲೋ ನೀವ ಹೇಳ್ರಿ."

ಹಿರಿಯರು ದಡ್ಡರಲ್ಲ. ಕುರಿಯ ತೂಕವನ್ನು ಕಣ್ಣಿನಲ್ಲೇ ಅಳೆಯಬಲ್ಲವರು. ಬ್ಯಾಂಕಿನ ಹನ್ನೆರಡು ವರ್ಷಕ್ಕೆ, ಸಾವಕಾರರ ಮೂರು ತಿಂಗಳಿಗೆ ಎಂಬುದೂ ಅವರಿಗೆ ಗೊತ್ತು. ಆದರೂ ಮೂರು ಎಂಬ ಮಾತು ಹನ್ನೆರಡಕ್ಕಿಂತ ಸಣ್ಣದಾಗಿ ಕೇಳಿಸುತ್ತದೆ. ತಿಂಗಳ ಮೂರನ್ನು ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ನೂರಕ್ಕೆ 36. ಬ್ಯಾಂಕಿನದಕ್ಕಿಂತ ಮೂರು ಪಟ್ಟು. ಗೊತ್ತಿದ್ದೂ ಗುಣಿಸದೆ ಇರುವುದರಲ್ಲೇ ನಮ್ಮ ಸೋಲಿದೆ.

ಪರರ ಮಾತೇಕೆ, ನಮ್ಮ ಮನೆಯ ಮಾತೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರ ಶಸ್ತ್ರಚಿಕಿತ್ಸೆಗೆ ತುರ್ತಾಗಿ 40,000 ರೂ. ಬೇಕಾಯಿತು. ನೂರಕ್ಕೆ ಐದರಂತೆ ಸಾಲ ತಂದೆವು. ಐದೇ ಅಲ್ಲವೇ, ಸುಗ್ಗಿಗೆ ತೀರಿಸೋಣ ಎಂದುಕೊಂಡೆವು. ತಿಂಗಳಿಗೆ 2,000 ರೂ. ಬಡ್ಡಿ ಕಟ್ಟುತ್ತ ಹೋದೆವು. ಸುಗ್ಗಿ ಕೈಕೊಟ್ಟಿತು. ಇಪ್ಪತ್ತು ತಿಂಗಳು ಕಳೆಯುವಷ್ಟರಲ್ಲಿ ಬಡ್ಡಿಯೆಂದೇ 40,000 ರೂ. ಕೊಟ್ಟಿದ್ದೆವು, ಅಸಲು 40,000 ರೂ. ಒಂದು ಪೈಸೆಯೂ ಕರಗದೆ ಹಾಗೆಯೇ ನಿಂತಿತ್ತು. ಕೊನೆಗೆ ಎತ್ತಿನ ಜೋಡಿ ಮಾರಿ ಸಾಲ ಹರಿದೆವು. ತಾಯಿಯವರು ಗುಣವಾದರು, ಅದು ಸಂತೋಷ. ಆದರೆ ಆ ವರ್ಷ ಬಾಡಿಗೆಯ ಎತ್ತಿನಲ್ಲಿ ಬಿತ್ತಿದೆವು. ಆ ಸಾಲ ಕೊಟ್ಟವರು ನಮಗೆ ಸುಳ್ಳು ಹೇಳಿರಲಿಲ್ಲ. ನಾವು ಪೂರಾ ಪ್ರಶ್ನೆ ಕೇಳಿರಲಿಲ್ಲ.

ಆದ್ದರಿಂದ ಇಂದು ನಾವು ಹೇಳಬೇಕೆಂದಿರುವುದು ಒಂದೇ. ನೂರಕ್ಕೆ ಎಷ್ಟು ಎಂಬುದು ಅರ್ಧ ಪ್ರಶ್ನೆ. ಅದರ ಹಿಂದೆಯೇ ಇನ್ನೂ ಮೂರನ್ನು ಕೇಳಬೇಕು. ಎಷ್ಟು ಕಾಲಕ್ಕೆ? ಯಾವುದರ ಮೇಲೆ? ಕೈಗೆ ಬರುವುದೆಷ್ಟು, ಕೈಯಿಂದ ಹೋಗುವುದೆಷ್ಟು?

ಮೊದಲು ಕೈಬೆರಳಿನ ಲೆಕ್ಕ

ಶೇಕಡಾ ಎಂದರೆ ಹೆದರುವ ವಿದ್ಯೆಯಲ್ಲ. ಯಾವುದೇ ಮೊತ್ತದ ಕೊನೆಯ ಎರಡು ಅಂಕಿ ಬಿಟ್ಟರೆ ನೂರಕ್ಕೆ ಒಂದು ಸಿಗುತ್ತದೆ. 17,500 ರೂ.ಗೆ ನೂರಕ್ಕೆ ಒಂದು ಎಂದರೆ 175. ನೂರಕ್ಕೆ ಮೂರು ಬೇಕಾದರೆ 175ನ್ನು ಮೂರು ಸಲ ಕೂಡಿಸಿ, 525. ನೂರಕ್ಕೆ ಹತ್ತು ಬೇಕಾದರೆ ಕೊನೆಯ ಒಂದೇ ಅಂಕಿ ಬಿಡಿ, 1,750. ಅದರ ಅರ್ಧ ನೂರಕ್ಕೆ ಐದು, 875. ಇಷ್ಟು ಬಂದರೆ ಮನೆಯ ಲೆಕ್ಕಕ್ಕೆ ಸಾಕು.

ಇನ್ನೊಂದು ಸುಲಭ ಲೆಕ್ಕವಿದೆ. ನೂರನ್ನು ತಿಂಗಳ ಬಡ್ಡಿಯಿಂದ ಭಾಗಿಸಿ. ಎಷ್ಟು ಬರುವುದೋ ಅಷ್ಟು ತಿಂಗಳಲ್ಲಿ ಬಡ್ಡಿ ಅಸಲಿನಷ್ಟೇ ಆಗುತ್ತದೆ. ನೂರಕ್ಕೆ ಎರಡಾದರೆ 50 ತಿಂಗಳು, ಮೂರಾದರೆ 33, ಐದಾದರೆ 20, ಹತ್ತಾದರೆ ಹತ್ತೇ ತಿಂಗಳು. ಬಡ್ಡಿಯ ಮೇಲೆ ಬಡ್ಡಿ ಹಾಕಿದರೆ ಅದಕ್ಕೂ ಮೊದಲೇ. ಈ ನಾಲ್ಕು ಅಂಕಿಗಳನ್ನು ಅಡುಗೆ ಮನೆಯ ಬಾಗಿಲ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ಎಷ್ಟು ಕಾಲಕ್ಕೆ?

ಗಡಿಭಾಗದ ನಮಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಮರಾಠಿಯ ಸಾಲಪತ್ರಗಳಲ್ಲಿ ಬಡ್ಡಿಯ ಅಂಕಿಯ ಪಕ್ಕ ದ.ಸಾ.ದ.ಶೇ. ಎಂಬ ನಾಲ್ಕು ಅಕ್ಷರ ಇರುತ್ತವೆ. ಪೂರ್ತಿ ಓದಿದರೆ 'ದರ ಸಾಲ ದರ ಶೇಕಡಾ'. ಕನ್ನಡದ ಕಿವಿಗೆ ಸಾಲ ಎಂದರೆ ತಂದ ಹಣ. ಮರಾಠಿಯಲ್ಲಿ ಸಾಲ ಎಂದರೆ ವರ್ಷ, ನಾವು 'ಈ ಸಾಲಿನ ಪಂಚಾಯತಿ ಲೆಕ್ಕ' ಎನ್ನುವುದಿಲ್ಲವೇ, ಹಾಗೆ. ಅಂದರೆ ಪ್ರತಿ ವರ್ಷಕ್ಕೆ, ಪ್ರತಿ ನೂರಕ್ಕೆ ಎಂದು ಅರ್ಥ. ಎಷ್ಟು ಕಾಲಕ್ಕೆ ಎಂಬ ಪ್ರಶ್ನೆಗೆ ಉತ್ತರ ಆ ನಾಲ್ಕು ಅಕ್ಷರಗಳಲ್ಲೇ ಇದೆ. ಕಾಗದದಲ್ಲಿ ಅದಿಲ್ಲದೆ ಬರಿಯ ಅಂಕಿ ಇದ್ದರೆ, ಅಥವಾ 'ದರಮಹಾ' ಎಂದಿದ್ದರೆ, ಅಲ್ಲಿ ನಿಲ್ಲಿ. ದರಮಹಾ ಎಂದರೆ ತಿಂಗಳಿಗೆ. ಹನ್ನೆರಡರಿಂದ ಗುಣಿಸಿದ ಮೇಲೆಯೇ ಮುಂದಿನ ಮಾತು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಬೇಕು. ಮಹಾರಾಷ್ಟ್ರದಲ್ಲಿ 2014ರ ಸಾವಕಾರಿ ನಿಯಂತ್ರಣ ಕಾಯದೆ ಇದೆ. ಆ ವರ್ಷವೇ ಸರಕಾರ ನಿಗದಿಪಡಿಸಿದಂತೆ, ಪರವಾನಿಗೆ ಪಡೆದ ಸಾವಕಾರರು ರೈತರಿಗೆ ಅಡವಿನ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 9, ಅಡವಿಲ್ಲದ ಸಾಲಕ್ಕೆ ನೂರಕ್ಕೆ 12 ಮಾತ್ರ ಬಡ್ಡಿ ಹಾಕಬಹುದು. ತಿಂಗಳ ಲೆಕ್ಕಕ್ಕೆ ತಂದರೆ ಮುಕ್ಕಾಲು ಮತ್ತು ಒಂದು. ನೂರಕ್ಕೆ ಐದು ಕೇಳುವವರು ಕಾನೂನಿನ ಮಿತಿಗಿಂತ ಐದು ಪಟ್ಟು ಕೇಳುತ್ತಿದ್ದಾರೆ ಎಂದಾಯಿತು. ಪರವಾನಿಗೆ ಇಲ್ಲದೆ ಸಾವಕಾರಿ ಮಾಡುವುದೇ ಅಪರಾಧ. ತಾಲ್ಲೂಕಿನ ಸಹಕಾರಿ ಸಂಸ್ಥೆಗಳ ಸಹಾಯಕ ನಿಬಂಧಕರ ಕಚೇರಿಯಲ್ಲಿ ದೂರು ಕೊಡಬಹುದು. ಅಕ್ರಮ ಸಾವಕಾರಿಯಲ್ಲಿ ಹದಿನೈದು ವರ್ಷದೊಳಗೆ ಕೈಬಿಟ್ಟ ಜಮೀನನ್ನು ಮರಳಿ ಕೇಳಲು ಸಹ ಆ ಕಾಯದೆಯಲ್ಲಿ ದಾರಿಯಿದೆ.

ಇದು ಇಂದಿನ ಗೋಳಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಸುತ್ತಲಿನ ಹಳ್ಳಿಗಳಿಗೂ ಅದು ಹಬ್ಬಿತು. ಅದರ ಪರಿಣಾಮವಾಗಿ 1879ರಲ್ಲಿ ದಖ್ಖನಿನ ರೈತರ ಪರಿಹಾರ ಕಾಯದೆ ಬಂತು. ಆ ರೈತರ ಸಿಟ್ಟೆಲ್ಲ ಕಾಗದದ ಮೇಲೆ ತಿರುಗಿದ್ದನ್ನು ಗಮನಿಸಿ. ತಾವು ಓದಲಾರದ ಕಾಗದವೇ ತಮ್ಮನ್ನು ಮುಳುಗಿಸಿತು ಎಂದು ಅವರು ಬಲ್ಲರು. ಇಂದು ನಮ್ಮ ಮನೆಯಲ್ಲಿ ಓದುವ ಮಕ್ಕಳಿದ್ದಾರೆ. ಸುಡುವ ಕೆಲಸ ಬೇಡ, ಓದಿಸುವ ಕೆಲಸ ಮಾಡೋಣ.

ಯಾವುದರ ಮೇಲೆ?

ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಸೂಕ್ಷ್ಮ. ನೆರೆಮನೆಯ ಹುಡುಗನೊಬ್ಬ ಬೈಕಿಗಾಗಿ 60,000 ರೂ. ಸಾಲ ಮಾಡಿದ. ಎರಡು ವರ್ಷ, ವರ್ಷಕ್ಕೆ ನೂರಕ್ಕೆ 12, 'ಫ್ಲ್ಯಾಟ್' ಎಂದರು. ಹನ್ನೆರಡೇ ಅಲ್ಲವೇ, ಬ್ಯಾಂಕಿನಷ್ಟೇ ಆಯಿತು ಎಂದು ಸಹಿ ಹಾಕಿದ. ವರ್ಷಕ್ಕೆ 7,200ರಂತೆ ಎರಡು ವರ್ಷದ ಬಡ್ಡಿ 14,400. ಅಸಲು ಸೇರಿ 74,400. ತಿಂಗಳ ಕಂತು 3,100.

ಇದರಲ್ಲಿ ತೊಡಕೇನು? ಪ್ರತಿ ಕಂತಿನಲ್ಲೂ 2,500 ರೂ. ಅಸಲು ತೀರುತ್ತದೆ. ಒಂದು ವರ್ಷದ ಹೊತ್ತಿಗೆ ಅವನ ಬಳಿ ಉಳಿದ ಸಾಲ 30,000 ಮಾತ್ರ. ಆದರೂ ಬಡ್ಡಿ ಬೀಳುವುದು ಮೊದಲಿನ 60,000ದ ಮೇಲೆಯೇ. ಕೊನೆಯ ತಿಂಗಳಲ್ಲಿ 2,500 ರೂ. ಬಾಕಿ ಇರುವಾಗಲೂ 60,000ದ ಬಡ್ಡಿ. ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕುವ ಕಡೆ ಅದೇ ಹನ್ನೆರಡಕ್ಕೆ ಕಂತು ಸುಮಾರು 2,825 ಆಗುತ್ತಿತ್ತು, ಒಟ್ಟು ಬಡ್ಡಿ ಸುಮಾರು 7,800. ಹುಡುಗ ಕಟ್ಟಿದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ಫ್ಲ್ಯಾಟ್ ಹನ್ನೆರಡು ಎಂಬುದು ನಿಜವಾಗಿ ವರ್ಷಕ್ಕೆ ನೂರಕ್ಕೆ 21ರಿಂದ 22ರಷ್ಟು. ಆದ್ದರಿಂದ ಕಂತಿನ ಸಾಲ ಮಾಡುವಾಗ ಕೇಳಬೇಕಾದ ಮಾತು ಇದು: "ಬಡ್ಡಿ ಪೂರಾ ಸಾಲದ ಮೇಲೋ, ಉಳಿದ ಬಾಕಿಯ ಮೇಲೋ?"

ಸರಕಾರದ ಸಹಾಯಧನದಲ್ಲೂ ಇದೇ ಪ್ರಶ್ನೆ. ಹನಿ ನೀರಾವರಿಗೆ ಮಹಾರಾಷ್ಟ್ರದಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರಿಗೆ ನೂರಕ್ಕೆ 80, ಇತರರಿಗೆ 75 ಸಹಾಯಧನದ ಯೋಜನೆ ಇದೆ. ಎಂಬತ್ತು ಎಂದು ಕೇಳಿದ ಕೂಡಲೇ ನಾವು ಅಂಗಡಿಯ ಬಿಲ್ಲಿನ ಎಂಬತ್ತು ಎಂದು ತಿಳಿಯುತ್ತೇವೆ. ಹಾಗಲ್ಲ. ಸರಕಾರ ಒಪ್ಪಿದ ವೆಚ್ಚದ ಎಂಬತ್ತು. ಅಂಗಡಿಯ ಬಿಲ್ಲು 1,40,000 ಆಗಿ, ಸರಕಾರದ ಲೆಕ್ಕದಲ್ಲಿ ಅದಕ್ಕೆ 1,00,000 ಎಂದು ಹಿಡಿಯಿರಿ. ಸಹಾಯಧನ 80,000. ನಿಮ್ಮ ಪಾಲು 60,000. ಬಿಲ್ಲಿನ ನೂರಕ್ಕೆ ಇಪ್ಪತ್ತು ನಮ್ಮದು ಎಂದು ಹೊರಟವರು ನೂರಕ್ಕೆ 43 ಕೊಟ್ಟು ಬರುತ್ತಾರೆ. ಸಹಾಯಧನ ಖಾತೆಗೆ ಬರುವವರೆಗಿನ ತಿಂಗಳುಗಳಿಗೆ ಹೊರಗಿನಿಂದ ಸಾಲ ತಂದಿದ್ದರೆ ಅದರ ಬಡ್ಡಿ ಬೇರೆ. ಯೋಜನೆ ಒಳ್ಳೆಯದೇ, ನೀರು ಕಡಿಮೆಯಿರುವ ನಮಗೆ ಬೇಕಾದದ್ದೇ. ಪೈಪು ಹೊಲಕ್ಕೆ ಬರುವ ಮೊದಲು ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿ ಎಂದಷ್ಟೇ ನಮ್ಮ ಮಾತು.

ಬೆಳೆ ವಿಮೆಯೂ ಹಾಗೆಯೇ. 2023ರಿಂದ ಮಹಾರಾಷ್ಟ್ರದಲ್ಲಿದ್ದ ಒಂದು ರೂಪಾಯಿ ವಿಮೆ 2025ರ ಮುಂಗಾರಿನಿಂದ ನಿಂತಿತು. ಈಗ ರೈತರ ಪಾಲು ಮುಂಗಾರು ಬೆಳೆಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ಇದು ಬೆಳೆಯ ಮಾರಾಟದ ಮೇಲಲ್ಲ, ವಿಮಾ ಮೊತ್ತದ ಮೇಲೆ. ಹೆಕ್ಟೇರಿಗೆ ವಿಮಾ ಮೊತ್ತ 30,000 ಎಂದಿದ್ದರೆ ಮುಂಗಾರಿನಲ್ಲಿ ನಮ್ಮ ಪಾಲು 600 ರೂ. ಪರಿಹಾರ ಬರುವಾಗಲೂ ನಮ್ಮ ಒಂದು ಹೊಲ ಎಷ್ಟು ಒಣಗಿತು ಎಂದು ಮಾತ್ರ ನೋಡುವುದಿಲ್ಲ. ಇಡೀ ಮಂಡಲದ ಸರಾಸರಿ ಇಳುವರಿ ಗೊತ್ತುಪಡಿಸಿದ ಮಟ್ಟಕ್ಕಿಂತ ನೂರಕ್ಕೆ ಎಷ್ಟು ಕಡಿಮೆಯಾಯಿತು ಎಂದು ನೋಡುತ್ತಾರೆ. ಇಪ್ಪತ್ತು ಕಡಿಮೆಯಾದರೆ 30,000ದ ಇಪ್ಪತ್ತು, ಅಂದರೆ 6,000. ಇದು ತಿಳಿದಿದ್ದರೆ ಪರಿಹಾರ ಬಂದ ದಿನ ಯಾರೋ ನುಂಗಿದರು ಎಂದು ಊರಲ್ಲಿ ಜಗಳವಾಗುವುದು ತಪ್ಪುತ್ತದೆ, ನಿಜವಾಗಿ ಕಡಿಮೆ ಬಂದಾಗ ಲೆಕ್ಕ ಹಿಡಿದು ಕೇಳಲೂ ಬರುತ್ತದೆ.

ಕಬ್ಬು ಕಡಿಯಲು ಹೋಗುವ ನಮ್ಮ ಜನರ ವಿಷಯವನ್ನೂ ನೆನೆಯೋಣ. 2024ರ ಜನವರಿಯಲ್ಲಿ ಕಡಿಯುವ ಕೂಲಿ ನೂರಕ್ಕೆ 34 ಏರಿತು ಎಂಬ ಒಪ್ಪಂದವಾಯಿತು. ಟನ್ನಿಗೆ 273 ಇದ್ದದ್ದು 366 ರೂ. ಆಯಿತು. ಹೋರಾಡಿ ಪಡೆದ ಏರಿಕೆ, ಸಂತೋಷ. ಆದರೆ ಏರಿದ್ದು ಟನ್ನಿನ ದರ. ಹಂಗಾಮಿಗೆ ಮೊದಲೇ ಮುಕಾದಮರಿಂದ ತಂದ ಉಚಲಿಗೆ ಎಷ್ಟು ಟನ್ನು ಕಡಿದರೆ ಸಾಲ ಹರಿಯುತ್ತದೆ ಎಂಬ ಲೆಕ್ಕ ಬೇರೆ. ಉಚಲು 1,00,000 ಆಗಿದ್ದರೆ 366ರ ದರಕ್ಕೆ ಸುಮಾರು 273 ಟನ್ನು, ಅದೂ ಊಟ, ಔಷಧಿ ಎಂದು ನಡುವೆ ಏನನ್ನೂ ಪಡೆಯದಿದ್ದರೆ. ಗಾಡಿ ಹತ್ತುವ ಮೊದಲು ಗಂಡ ಹೆಂಡತಿ ಇಬ್ಬರೂ ಕುಳಿತು ಮಾಡಬೇಕಾದ ಲೆಕ್ಕ ಇದು. ಕಡಿದ ಟನ್ನುಗಳನ್ನು ದಿನವೂ ತಮ್ಮದೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮುಕಾದಮರ ಪುಸ್ತಕ ಒಂದೇ ಇದ್ದರೆ ಲೆಕ್ಕವೂ ಒಂದೇ ಕಡೆಯದಾಗುತ್ತದೆ.

ಆಡಿನ ವ್ಯಾಪಾರದ ಒಂದು ಉದಾಹರಣೆ ಕೊಟ್ಟು ಈ ಭಾಗ ಮುಗಿಸುತ್ತೇವೆ. ಎರಡು ಆಡು 16,000ಕ್ಕೆ ತಂದು ನಾಲ್ಕು ತಿಂಗಳು ಸಾಕಿ 20,000ಕ್ಕೆ ಮಾರಿದಿರಿ. ಲಾಭ 4,000. ಹಾಕಿದ ಹಣದ ಮೇಲೆ ನೂರಕ್ಕೆ 25. ಸಾಲ ನೂರಕ್ಕೆ ಮೂರರದಾದರೆ ನಾಲ್ಕು ತಿಂಗಳಿಗೆ ನೂರಕ್ಕೆ 12, ಅಂದರೆ 1,920 ರೂ. ಬಡ್ಡಿ. ಉಳಿದದ್ದು 2,080. ಅದರಲ್ಲಿ ಮೇವು, ಔಷಧಿ, ಸಂತೆಯ ಖರ್ಚು ಹೋಗಬೇಕು. ವರ್ಷಕ್ಕೆ 12ರ ಸಾಲವಾದರೆ ನಾಲ್ಕು ತಿಂಗಳಿಗೆ ನೂರಕ್ಕೆ 4, ಬಡ್ಡಿ 640, ಉಳಿಯುವುದು 3,360. ಆಡು ಅದೇ, ದುಡಿಮೆ ಅದೇ. ಎರಡು ಮನೆಗಳ ನಡುವಿನ ವ್ಯತ್ಯಾಸವೆಲ್ಲ ಬಡ್ಡಿಯದು.

ಬೆಲೆಯ ಏರಿಳಿತದಲ್ಲೂ ಮೋಸ ಹೋಗಬೇಡಿ. ದಾಳಿಂಬೆಯ ಬೆಲೆ ನೂರಕ್ಕೆ 40 ಇಳಿದು ಮತ್ತೆ ನೂರಕ್ಕೆ 40 ಏರಿತು ಎಂದರೆ ಮೊದಲಿನ ಬೆಲೆ ಬಂತೆಂದು ಅಲ್ಲ. ಕಿಲೋಗೆ 100 ಇದ್ದದ್ದು 60 ಆಯಿತು. ಅರವತ್ತರ ಮೇಲೆ ನೂರಕ್ಕೆ 40 ಎಂದರೆ 24. ಒಟ್ಟು 84. ಇಳಿದದ್ದು ದೊಡ್ಡ ಮೊತ್ತದ ಮೇಲೆ, ಏರಿದ್ದು ಸಣ್ಣ ಮೊತ್ತದ ಮೇಲೆ.

ಕೈಗೆ ಬಂದದ್ದೆಷ್ಟು?

ಮೂರನೆಯ ಪ್ರಶ್ನೆಯನ್ನು ನಾಚಿಕೆಯಿಂದ ನಾವು ಕೇಳುವುದೇ ಇಲ್ಲ. 20,000 ಸಾಲ, ನೂರಕ್ಕೆ ನಾಲ್ಕು ಎಂದು ಮಾತಾಗುತ್ತದೆ. ಮೂರು ತಿಂಗಳ ಬಡ್ಡಿ 2,400 ಮೊದಲೇ ಮುರಿದುಕೊಂಡು 17,600 ಕೈಗಿಡುತ್ತಾರೆ. ಬಡ್ಡಿ ಮಾತ್ರ 20,000ದ ಮೇಲೆ ನಡೆಯುತ್ತದೆ. ಕೈಗೆ ಬಾರದ 2,400 ರೂ.ಗೂ ನಾವು ಬಡ್ಡಿ ಕಟ್ಟುತ್ತೇವೆ. ಕಂಪನಿಯ ಸಾಲದಲ್ಲಿ ಇದೇ ಕೆಲಸ ಬೇರೆ ಹೆಸರಿನಲ್ಲಿ ನಡೆಯುತ್ತದೆ. 50,000 ಮಂಜೂರು. ಪ್ರಕ್ರಿಯೆ ಶುಲ್ಕ ನೂರಕ್ಕೆ 2 ಎಂದು 1,000, ಆ ಶುಲ್ಕದ ಮೇಲೆ ನೂರಕ್ಕೆ 18 ತೆರಿಗೆ ಎಂದು 180, ವಿಮೆ ಎಂದು 1,200. ಖಾತೆಗೆ ಬಂದದ್ದು 47,620. ಕಂತು 50,000ದ ಮೇಲೆ.

ಇದಕ್ಕೆ ಈಗ ಒಂದು ಒಳ್ಳೆಯ ಮದ್ದು ಬಂದಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ಮನೆಮಂದಿಗೆ ಕೊಡುವ ಹೊಸ ಕಂತಿನ ಸಾಲಗಳಿಗೆಲ್ಲ ಮುಖ್ಯ ಅಂಶಗಳ ಪತ್ರಿಕೆಯೊಂದನ್ನು ಕೊಡಲೇಬೇಕು. ಅದರಲ್ಲಿ ಬಡ್ಡಿ, ಶುಲ್ಕ, ಮುರಿದುಕೊಂಡದ್ದು ಎಲ್ಲವನ್ನೂ ಕೂಡಿಸಿ ವರ್ಷಕ್ಕೆ ನಿಜವಾಗಿ ನೂರಕ್ಕೆ ಎಷ್ಟು ಬೀಳುತ್ತದೆ ಎಂಬ ಒಂದೇ ಅಂಕಿ ಇರಬೇಕು. ಇನ್ನೂ ಮುಖ್ಯವಾದದ್ದು, ಆ ಪತ್ರಿಕೆ ಸಾಲ ಪಡೆಯುವವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಸೋನ್ಯಾಳದ ತಾಯಿಯೊಬ್ಬಳು "ನನಗ ಕನ್ನಡದಾಗ ಕೊಡ್ರಿ" ಎಂದು ಕೇಳಿದರೆ ಅದು ಹಟವಲ್ಲ, ಹಕ್ಕು. ಎರಡು ಸಾಲಗಳನ್ನು ಹೋಲಿಸುವಾಗ ಆ ಒಂದು ಅಂಕಿಯನ್ನು ಹೋಲಿಸಿ, ಉಳಿದ ಬಣ್ಣದ ಮಾತು ಬಿಡಿ.

ಮನೆಮನೆಗೆ ಬಂದು ಗುಂಪು ಮಾಡಿ ಸಾಲ ಕೊಡುವ ಕಂಪನಿಗಳಿಗೂ 2022ರಿಂದ ಒಂದು ಮಿತಿಯಿದೆ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ನೂರಕ್ಕೆ 50 ಮೀರಬಾರದು. ಇದು ಕೊಡುವವರಿಗೆ ಹಾಕಿದ ಮಿತಿ. ಮಳೆ ನಂಬಿದ ಮನೆಗೆ ಇದೂ ಹೆಚ್ಚೇ ಎಂಬುದು ನಮ್ಮ ಅಭಿಪ್ರಾಯ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ಸಜ್ಜೆ ವರ್ಷಕ್ಕೊಮ್ಮೆ ಬರುತ್ತದೆ, ಕೆಲವು ವರ್ಷ ಬರುವುದೇ ಇಲ್ಲ.

ಸೊನ್ನೆ ಬಡ್ಡಿಯ ಸಾಲದಲ್ಲೂ ಈ ಪ್ರಶ್ನೆ ಕೇಳಬೇಕು. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ವರ್ಷಕ್ಕೆ ನೂರಕ್ಕೆ 7. ಗಡುವಿನೊಳಗೆ ತೀರಿಸಿದರೆ ಕೇಂದ್ರದ ರಿಯಾಯಿತಿ 3 ಸಿಕ್ಕು ಬಡ್ಡಿ 4 ಆಗುತ್ತದೆ. ಮಹಾರಾಷ್ಟ್ರದಲ್ಲಿ 2021ರ ಬಜೆಟ್ಟಿನಿಂದ ಡಾ. ಪಂಜಾಬರಾವ ದೇಶಮುಖ ಬಡ್ಡಿ ರಿಯಾಯಿತಿ ಯೋಜನೆಯೂ ಸೇರಿ ಬಡ್ಡಿ ಸೊನ್ನೆಯಾಗುತ್ತದೆ. ಗಡುವು ತಪ್ಪಿದರೆ ಎರಡು ರಿಯಾಯಿತಿಯೂ ಹೋಯಿತು. ಒಂದು ಲಕ್ಷಕ್ಕೆ ಸೊನ್ನೆ ಕಟ್ಟುವವರು 7,000 ಕಟ್ಟಬೇಕು.

ಅದಕ್ಕೇ ನಮ್ಮಲ್ಲಿ 'ನವಾ ಜೂನಾ' ನಡೆಯುತ್ತದೆ. ಗಡುವಿನ ದಿನ ಒಂದು ಲಕ್ಷ ಹೊರಗಿನಿಂದ ತಂದು ಸೊಸಾಯಿಟಿಗೆ ಕಟ್ಟುವುದು, ಎಂಟು ದಿನದಲ್ಲಿ ಹೊಸ ಸಾಲ ಎತ್ತಿ ಹೊರಗಿನವರಿಗೆ ತಿರುಗಿಸುವುದು. ಆ ಎಂಟು ದಿನಕ್ಕೆ ನೂರಕ್ಕೆ ಎರಡರಂತೆ 2,000 ಕೊಟ್ಟರೆ, ವರ್ಷದ ಲೆಕ್ಕದಲ್ಲಿ ಅದು ನೂರಕ್ಕೆ 91. ಕೇಳಿದರೆ ಎದೆ ಒಡೆಯುವ ಅಂಕಿ. ಆದರೂ ರೂಪಾಯಿಯಲ್ಲಿ ನೋಡಿದರೆ 2,000 ಕೊಟ್ಟು 7,000 ಉಳಿಸಿದಂತಾಯಿತು. ಇಲ್ಲಿ ಶೇಕಡಾ ಒಂದನ್ನೇ ನೋಡಿದವರೂ ತಪ್ಪುತ್ತಾರೆ. ನಿಜ ಮಾತು ಇಷ್ಟೇ: ಸೊನ್ನೆ ಎನ್ನುವ ಸಾಲ ನಮಗೆ ನೂರಕ್ಕೆ ಎರಡಕ್ಕೆ ಬೀಳುತ್ತಿದೆ, ಅಸಲು ಮಾತ್ರ ವರ್ಷದಿಂದ ವರ್ಷಕ್ಕೆ ಕರಗದೆ ಉಳಿಯುತ್ತಿದೆ. ಹೊಸ ಸಾಲ ಎಂಟು ದಿನದಲ್ಲಿ ಬಾರದೆ ಎರಡು ತಿಂಗಳು ತಡವಾದರೆ ಏನಾಗುವುದೆಂದು ಆ ದಾರಿ ಹಿಡಿದವರು ಮೊದಲೇ ಯೋಚಿಸಬೇಕು. ಪ್ರತಿ ಸುಗ್ಗಿಯಲ್ಲಿ ಅಸಲಿನ ನೂರಕ್ಕೆ ಹತ್ತನ್ನಾದರೂ ಬದಿಗೆ ತೆಗೆದಿಟ್ಟರೆ ಮುಂದಿನ ಗಡುವಿಗೆ ಹೊರಗಿನಿಂದ ತರುವುದು ಅಷ್ಟು ಕಡಿಮೆಯಾಗುತ್ತದೆ.

ರೋಗ ಮತ್ತು ಬಡ್ಡಿ

ಬಡ್ಡಿಗೂ ಆರೋಗ್ಯಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತವರು ಬಡ್ಡಿ ಎಷ್ಟೆಂದು ಕೇಳುವುದಿಲ್ಲ. ನಾವೂ ಕೇಳಲಿಲ್ಲ. ಆದ್ದರಿಂದ ಕೇಳುವ ಕೆಲಸವನ್ನು ರೋಗ ಬರುವ ಮೊದಲೇ ಮುಗಿಸಿಡಬೇಕು. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆ ಮತ್ತು ಆಯುಷ್ಮಾನ್ ಭಾರತ ಸೇರಿ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಎಲ್ಲ ರೋಗಕ್ಕೂ ಇಲ್ಲ, ಎಲ್ಲ ಆಸ್ಪತ್ರೆಯಲ್ಲೂ ಇಲ್ಲ. ಯಾವ ಆಸ್ಪತ್ರೆಯಲ್ಲಿದೆ ಎಂದು ಈ ವಾರವೇ ವಿಚಾರಿಸಿ, ಕಾರ್ಡು ಮಾಡಿಸಿ, ಪಡಿತರ ಚೀಟಿಯ ಹೆಸರುಗಳು ಆಧಾರಿನ ಹೆಸರಿಗೆ ಹೊಂದುತ್ತವೆಯೇ ನೋಡಿ ಒಂದು ಚೀಲದಲ್ಲಿಡಿ. 40,000 ಸಾಲ ತಪ್ಪಿದರೆ ನೂರಕ್ಕೆ ಐದರಂತೆ ವರ್ಷಕ್ಕೆ 24,000 ಉಳಿಯಿತು ಎಂದೇ ಲೆಕ್ಕ.

ಮನೆಯಲ್ಲಿ ಮಾಡಬೇಕಾದದ್ದು

ತಾಯಂದಿರ ಬಚತ ಗಟದಿಂದ ನಾವು ಕಲಿಯುವುದಿದೆ. ಅಲ್ಲಿಯೂ ಕೆಲವು ಕಡೆ ತಿಂಗಳಿಗೆ ನೂರಕ್ಕೆ ಎರಡು ಬಡ್ಡಿಯಿದೆ. ವರ್ಷಕ್ಕೆ 24, ಕಡಿಮೆಯೇನಲ್ಲ. ಆದರೆ ಆ ಬಡ್ಡಿ ಊರು ಬಿಟ್ಟು ಹೋಗುವುದಿಲ್ಲ, ಗಟದ ಪೆಟ್ಟಿಗೆಯಲ್ಲೇ ಉಳಿದು ಸದಸ್ಯರಿಗೇ ಹಂಚಿಕೆಯಾಗುತ್ತದೆ. ಲೆಕ್ಕವನ್ನು ಎಲ್ಲರ ಮುಂದೆ ಓದುತ್ತಾರೆ. ಸಾಲವೆಂದರೆ ಮುಚ್ಚಿಡುವ ಸಂಗತಿಯಲ್ಲ, ಎದುರಿಗಿಟ್ಟು ಎಣಿಸುವ ಸಂಗತಿ ಎಂದು ಹೆಣ್ಣುಮಕ್ಕಳು ತೋರಿಸಿದ್ದಾರೆ. ಗಂಡಸರು ಹೊರಗಿನ ಸಾಲವನ್ನು ಮನೆಯವರಿಗೂ ಹೇಳದೆ ಒಳಗೇ ಬೇಯುವ ರೂಢಿ ನಮ್ಮಲ್ಲಿದೆ. ಮನೆಯ ಮಾನ ಉಳಿಯಲೆಂದು ಮುಚ್ಚಿಟ್ಟ ಲೆಕ್ಕವೇ ಎಷ್ಟೋ ಮನೆಗಳಲ್ಲಿ ಮನೆಯ ಯಜಮಾನನನ್ನೇ ನುಂಗಿದೆ. ಇದನ್ನು ಇನ್ನು ಬಿಡಬೇಕು.

ಮಕ್ಕಳನ್ನು ಕರೆಯಿರಿ. ಬಾಲಭಾರತಿಯ ಏಳನೆಯ ತರಗತಿಯ ಗಣಿತದಲ್ಲಿ ಬ್ಯಾಂಕು ಮತ್ತು ಸರಳ ಬಡ್ಡಿಯ ಪಾಠ ಇದೆ, ಕನ್ನಡ ಶಾಲೆಯ ಮಕ್ಕಳೂ ಕಲಿಯುತ್ತಾರೆ. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಪಡೆದ ಮಗಳು ಮನೆಯ ಸಾಲದ ಕಾಗದವನ್ನು ನೋಡಿಯೇ ಇರುವುದಿಲ್ಲ. ನೋಡಲು ಕೊಡಿ. "ಮಗಳ, ಇದು ವರ್ಷಕ್ಕ ಎಷ್ಟಾತು ನೋಡು" ಎಂದು ಕೇಳಿದರೆ ತಂದೆಯ ದೊಡ್ಡಸ್ತಿಕೆ ಕಡಿಮೆಯಾಗದು. ಮಗಳಿಗೆ ಪಾಠ ಅರ್ಥವಾಗುತ್ತದೆ, ತಂದೆಗೆ ಸಾಲ ಅರ್ಥವಾಗುತ್ತದೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಪ್ರತಿ ಸಾಲಕ್ಕೂ ಒಂದು ಪುಟ. ಮೇಲೆ ನಾಲ್ಕು ಸಾಲು ಬರೆಯಿರಿ: ನೂರಕ್ಕೆ ಎಷ್ಟು, ಎಷ್ಟು ಕಾಲಕ್ಕೆ, ಯಾವುದರ ಮೇಲೆ, ಕೈಗೆ ಬಂದದ್ದೆಷ್ಟು. ಕೆಳಗೆ ಕೊಟ್ಟ ಹಣ, ದಿನಾಂಕ, ಪಡೆದವರ ಸಹಿ. ನಾಲ್ಕರಲ್ಲಿ ಒಂದು ಸಾಲು ತುಂಬಲು ಬಾರದಿದ್ದರೆ ಆ ದಿನ ಸಹಿ ಹಾಕಬೇಡಿ, ಮನೆಗೆ ಬನ್ನಿ. ಕೊಡುವವರಿಗೆ ಅವಸರವಿದ್ದರೆ ಅದೇ ಒಂದು ಎಚ್ಚರಿಕೆ.

ಒಮ್ಮೆಲೇ ಎಲ್ಲ ಸಾಲ ಹರಿಯುವ ಉಪಾಯ ನಮ್ಮಲ್ಲೂ ಇಲ್ಲ. ಮಳೆ ನಮ್ಮ ಕೈಯಲ್ಲಿಲ್ಲ, ಬೆಲೆಯೂ ಇಲ್ಲ. ಕೇಳುವ ಬಾಯಿ ಮತ್ತು ಬರೆಯುವ ಕೈ ನಮ್ಮವು. ಎರಡು ಬಗೆಯ ಸಾಲ ಇದ್ದವರು ಈ ಭಾನುವಾರ ಸಂಜೆ ಎರಡನ್ನೂ ವರ್ಷದ ಲೆಕ್ಕಕ್ಕೆ ತಂದು ಪಕ್ಕಪಕ್ಕ ಬರೆದು ನೋಡಿ. ಯಾವುದು ಹೆಚ್ಚು ತಿನ್ನುತ್ತಿದೆಯೋ ಅದನ್ನು ಮೊದಲು ತೀರಿಸಲು ಮನೆಯವರೆಲ್ಲ ಕೂಡಿ ಗೊತ್ತುಮಾಡಿ. ಲೆಕ್ಕ ತೊಡಕಾದರೆ ಕಾಗದ ಹಿಡಿದು ನಮ್ಮ ಬಳಿ ಬನ್ನಿ, ಕೂಡಿಯೇ ಗುಣಿಸೋಣ. ಎತ್ತು ಮಾರಿದ ಮೇಲೆ ಕಲಿತ ಲೆಕ್ಕ ನಮ್ಮದು. ನಿಮ್ಮ ಎತ್ತು ಹಟ್ಟಿಯಲ್ಲಿ ಇರುವಾಗಲೇ ನೀವು ಕಲಿಯಿರಿ.